ಬೆರಳು ಕರಗದ ಹಾಗೆ

ಅಕ್ಕನ ಬಲಗೈ ಹೆಬ್ಬೆರಳು ಮೊದಲು ಸೋತಿತು. ಪಾಠ ಮಾಡುತ್ತಿದ್ದಾಗ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಮಕ್ಕಳು ನಕ್ಕರು, ಅವಳೂ ನಕ್ಕಳು. ಆಮೇಲೆ ಅಂಗಿಯ ಗುಂಡಿ ಹಾಕಲು ಬಾರದಾಯಿತು, ಬೀಗದಲ್ಲಿ ಕೀಲಿ ತಿರುಗದಾಯಿತು, ಚಮಚ ನಿಲ್ಲದಾಯಿತು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕಾಯಿಲೆಗೆ ಒಂದು ಹೆಸರು ಸಿಗುವ ಹೊತ್ತಿಗೆ ಎಡಗೈ ಕಿರುಬೆರಳೂ ಸೊಟ್ಟಗಾಗಿತ್ತು.

ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕೇಳಿಸದ ಮಕ್ಕಳ ಶಾಲೆಯಲ್ಲಿ ಓದಿ, ಅಲ್ಲೇ ಟೀಚರಾದವಳು. ತೊಟ್ಟಿಲಲ್ಲಿದ್ದ ತಮ್ಮನಿಗೆ ಕೈಮಾತು ಕಲಿಸಿದ್ದೂ ಅವಳೇ. ಅವನು ಬಾಯಿ ಬಿಡುವ ಮೊದಲೇ ಕೈಯಾಡಿಸಿದ್ದನಂತೆ. ಹಾಗಾಗಿ ವೈದ್ಯರು ಹೇಳಿದ್ದನ್ನು ಅವಳಿಗೆ ಮುಟ್ಟಿಸುವ ಕೆಲಸ ಅವನ ಪಾಲಿಗೇ ಬಂತು. ನರಗಳು ಸ್ನಾಯುಗಳನ್ನು ಒಂದೊಂದಾಗಿ ಕೈಬಿಡುತ್ತಾ ಹೋಗುವ ರೋಗ, ಮದ್ದಿಲ್ಲ, ಕೈಯಿಂದ ಶುರುವಾಗಿದೆ, ಅಲ್ಲೇ ನಿಲ್ಲುವುದಿಲ್ಲ. ವೈದ್ಯರ ಕೋಣೆಯ ಬೆಳಕಿನಲ್ಲಿ ತಮ್ಮ ತಡವರಿಸುತ್ತಾ ಕೈಯಲ್ಲಿ ಹೇಳಿದ. ಅಕ್ಕ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಎರಡೂ ಕೈ ಹೋಗುತ್ತಾ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಜನ ಇಷ್ಟು ವರ್ಷ ನನ್ನನ್ನ ಸುಮ್‌ಸುಮ್ನೆ ಮೂಗಿ ಅಂತಿದ್ರು. ಇನ್ಮೇಲೆ ಅದು ನಿಜ ಆಗುತ್ತೆ ಹಾಗಾದ್ರೆ," ಎಂದಳು ಅಕ್ಕ. ವೈದ್ಯರು, "ಏನಂದ್ರು?" ಎಂದು ಕೇಳಿದರು. ತಮ್ಮ ಅದನ್ನು ಬಾಯಲ್ಲಿ ಹೇಳಲಾರದೆ, "ಏನಿಲ್ಲ ಡಾಕ್ಟ್ರೇ," ಎಂದ.

ತಮ್ಮ ಕೆಲಸ ಮಾಡುತ್ತಿದ್ದುದು ಶಾಲೆಗಳಿಗೆ ಪಾಠದ ವಿಡಿಯೊ ಕಳಿಸುವ ಕಚೇರಿಯಲ್ಲಿ. ಚಿತ್ರೀಕರಿಸಿದ್ದನ್ನು ಕುಗ್ಗಿಸುವುದೇ ಅವನ ಕಸುಬು. ಆನೆಯಂಥ ಫೈಲು ಬಂದರೆ ಆಡಿನ ಗಾತ್ರಕ್ಕೆ ಇಳಿಸಿ, ಚಿಕ್ಕ ಮೆಮೊರಿ ಕಾರ್ಡಿನಲ್ಲಿ ತುಂಬಿ ಶಾಲೆಗಳ ಹಳೆಯ ಟ್ಯಾಬ್ಲೆಟ್ಟುಗಳಿಗೆ ಕಳಿಸಬೇಕು. ಹಿಂಡುವುದೇ ಕೆಲಸವಾದ್ದರಿಂದ ಕಚೇರಿಯಲ್ಲಿ ಅವನಿಗೆ 'ಗಾಣದವನು' ಎಂದು ಹೆಸರು ಬಿದ್ದಿತ್ತು. ಆಸ್ಪತ್ರೆಯಿಂದ ಬಂದ ಮೂರ್ನಾಲ್ಕು ದಿನಕ್ಕೆ ಅವನು ಮೇಲ್ವಿಚಾರಕರ ಮುಂದೆ ನಿಂತು, ಅಕ್ಕನ ಕೈ ಇನ್ನೂ ಆಡುತ್ತಿರುವಾಗಲೇ ಅವಳ ಕಥೆಗಳನ್ನು ಚಿತ್ರೀಕರಿಸಿ ಅವಳ ಶಾಲೆಗೆ ಕೊಡಬೇಕು ಎಂದು ಕೇಳಿಕೊಂಡ.

ಮೇಲ್ವಿಚಾರಕರು ಕೆಟ್ಟವರಲ್ಲ. "ಮಾಡಪ್ಪ. ಕ್ಯಾಮೆರಾ ತಗೊಂಡು ಹೋಗು. ಆದ್ರೆ ಕಾರ್ಡು ಎಲ್ಲಾ ಶಾಲೆಗೂ ಒಂದೇ ಸೈಜಿಂದು. ನಿಮ್ಮಕ್ಕ ಅಂತ ಅದೇನು ಹಿಗ್ಗಲ್ಲ. ಅಷ್ಟರಲ್ಲೇ ಕೂರಿಸಬೇಕು," ಎಂದರು.

ಅಕ್ಕನ ಕಥೆಗಳೆಂದರೆ ಶಾಲೆಯಲ್ಲಿ ಭಾರಿ ಹೆಸರುವಾಸಿ. ಎಲ್ಲವೂ ಒಬ್ಬ ಬಸ್ ಡ್ರೈವರಿನ ಕಥೆಗಳು. ಅವನ ಬಸ್ಸು ಒಮ್ಮೆ ಮಂಜಿನಲ್ಲಿ ದಾರಿ ತಪ್ಪುತ್ತಿತ್ತು, ಇನ್ನೊಮ್ಮೆ ಅದರೊಳಗೆ ಯಾರದೋ ಮೇಕೆ ಹತ್ತಿಕೊಳ್ಳುತ್ತಿತ್ತು. ಈ ಡ್ರೈವರು ಅಕ್ಕನ ಗಂಡನೇ ಎಂಬುದು ಮಕ್ಕಳಿಗೆ ಗೊತ್ತಿರಲಿಲ್ಲ. ಭಾವ ಪಟ್ಟಣದ ಬಸ್ಸು ಓಡಿಸುತ್ತಿದ್ದರು. ಸಂಜೆ ಮನೆಗೆ ಬಂದವರು ಅಂದಿನ ಸುದ್ದಿಯನ್ನು ಅರೆಬರೆ ಕೈಮಾತಿನಲ್ಲಿ ಅಕ್ಕನಿಗೆ ಹೇಳುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರ ಬೆರಳು ಪಳಗಿರಲಿಲ್ಲ. "ನಿಮ್ಮಕ್ಕನ ಭಾಷೇಲಿ ನಂಗೆ ಚೆನ್ನಾಗಿ ಬರೋದು ಬೈಗುಳ ಒಂದೇ ಕಣಯ್ಯ. ದಿನಾ ಕೇಳಿ ಕೇಳಿ ಅಭ್ಯಾಸ," ಎಂದು ನಗುತ್ತಿದ್ದರು. ಅಕ್ಕ ನಿಧಾನವಾಗಿ ಹೇಳಿದ್ದು ಅವರಿಗೆ ತಿಳಿಯುತ್ತಿತ್ತು. ಅವಳು ತನ್ನ ಓಘದಲ್ಲಿ ಕೈಯಾಡಿಸತೊಡಗಿದರೆ ಅವರ ಪಾಲಿಗೆ ಅದು ಗಾಳಿಯಲ್ಲಿ ಹಾರುವ ಹಕ್ಕಿ. ತಾನು ಹೇಳಿದ ಸುದ್ದಿ ಮರುದಿನ ಶಾಲೆಯಲ್ಲಿ ಏನಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಚಿತ್ರೀಕರಣ ಅಕ್ಕನ ಮನೆಯ ನಡುಕೋಣೆಯಲ್ಲಿ, ಭಾವ ಡ್ಯೂಟಿಗೆ ಹೋದ ಮೇಲೆ ನಡೆಯುತ್ತಿತ್ತು. ಮೊದಲ ದಿನ ಕಿಟಕಿಯ ಮುಂದೆ ಕೂರಿಸಿದ. ಕಚೇರಿಗೆ ಹೋಗಿ ನೋಡಿದರೆ ಹಿಂದೆ ಅಲುಗಾಡುವ ಪರದೆಯೇ ಅರ್ಧ ಜಾಗ ತಿಂದಿತ್ತು. ಕುಗ್ಗಿಸುವ ಯಂತ್ರಕ್ಕೆ ಪರದೆ ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ಅಲುಗಿದ್ದಕ್ಕೆಲ್ಲ ಪಾಲು ಕೊಡುತ್ತದೆ. ಮರುದಿನ ಬರೀ ಗೋಡೆಯ ಮುಂದೆ ಕೂರಿಸಿದ, ಅವಳ ಕೂದಲು ಹಾರದಂತೆ ಫ್ಯಾನೂ ನಿಲ್ಲಿಸಿದ. ಹೂವಿನ ಸೀರೆ ಬೇಡ ಎಂದದ್ದಕ್ಕೆ ಅಕ್ಕ ಬೂದು ಬಣ್ಣದ್ದೊಂದು ಉಟ್ಟು ಬಂದು, "ಸಾಯೋಕೆ ಮುಂಚೆನೇ ಬೂದಿ ಮಾಡಿಟ್ಯಲ್ಲೋ," ಎಂದಳು. ಸೆಕೆಗೆ ಇಬ್ಬರೂ ಬೆವತರು. ಪ್ರತಿ ಕಥೆಯಾದ ಮೇಲೆ ಅವನು ಅವಳ ಅಂಗೈಗಳನ್ನು ತಿಕ್ಕಿ ಬಿಸಿ ಮಾಡುತ್ತಿದ್ದ. ಅವಳು ಹೇಳುವುದನ್ನೆಲ್ಲ ಹೇಳಿ ಮುಗಿಸಿದಾಗ ಬಲಗೈ ಮೊಣಕೈವರೆಗೆ ಸೊರಗಿತ್ತು.

ಕಚೇರಿಯ ರೂಢಿ ಕಾನ್‌ಸ್ಟಂಟ್ ಬಿಟ್‌ರೇಟ್. ಅಂದರೆ ವಿಡಿಯೊದ ಪ್ರತಿ ಸೆಕೆಂಡಿಗೂ ಒಂದೇ ಅಳತೆಯ ಪಾಲು. ಹಳೆಯ ಟ್ಯಾಬ್ಲೆಟ್ಟುಗಳು ಮುಗ್ಗರಿಸದೆ ಓಡುತ್ತವೆ, ಎಷ್ಟು ಜಾಗ ಹಿಡಿಯುತ್ತದೆಂದು ಮೊದಲೇ ಗೊತ್ತಿರುತ್ತದೆ. ಹಲಗೆಯ ಪಕ್ಕ ನಿಂತು ಲೆಕ್ಕ ಹೇಳಿಕೊಡುವ ಮೇಷ್ಟರಿಗೆ ಅದು ಸಾಕೇ ಸಾಕು. ತಮ್ಮ ಅದರಲ್ಲೇ ಎಲ್ಲ ಕಥೆಗಳನ್ನೂ ಕುಗ್ಗಿಸಿ, ಕಾರ್ಡಿಗೆ ತುಂಬಿ, ಪರೀಕ್ಷೆಗೆಂದು ಶಾಲೆಗೆ ಒಯ್ದ.

ಮಕ್ಕಳು ಟ್ಯಾಬ್ಲೆಟ್ಟಿನ ಸುತ್ತ ಮುಗಿಬಿದ್ದರು. ಟೀಚರ್ ತೆರೆಯ ಮೇಲೆ ಬಂದ ಕೂಡಲೇ ಕೈ ಬೀಸಿದರು. ಕಥೆ ನಿಧಾನವಾಗಿ ಶುರುವಾಯಿತು, ಬೆರಳುಗಳು ಸ್ಪಷ್ಟವಾಗಿದ್ದವು. ಮೇಕೆ ಬಸ್ಸಿನೊಳಗೆ ನುಗ್ಗಿ, ಡ್ರೈವರು ಅದರ ಹಿಂದೆ, ಪ್ರಯಾಣಿಕರು ಅವನ ಹಿಂದೆ ಓಡುವ ಘಟ್ಟಕ್ಕೆ ಬಂತು. ಅಕ್ಕನ ಕೈಗಳು ಬಿರುಗಾಳಿಯಾದವು. ತೆರೆಯ ಮೇಲೆ ಅವು ಚೌಕ ಚೌಕವಾಗಿ ಒಡೆದು ಕಂದು ಬಣ್ಣದ ಕೆಸರಾದವು. ಅಷ್ಟು ಹೊತ್ತು ಅರಳಿದ್ದ ಮಕ್ಕಳ ಮುಖ ಸಪ್ಪಗಾಯಿತು. ಎರಡು ಜಡೆಯ ಹುಡುಗಿಯೊಬ್ಬಳು ತಮ್ಮನ ತೋಳು ಎಳೆದು, "ಟೀಚರ್ ಬೆರಳು ಯಾಕೆ ಕರಗಿ ಹೋಯ್ತು?" ಎಂದು ಕೇಳಿದಳು.

ಟೀಚರಿಗೆ ಏನಾಗುತ್ತಿದೆ ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ತಮ್ಮ ಟ್ಯಾಬ್ಲೆಟ್ಟನ್ನು ಬೋರಲು ಹಾಕಿ, "ಅದು ಯಂತ್ರದ ತಪ್ಪು. ಸರಿ ಮಾಡಿ ತರ್ತೀನಿ," ಎಂದು ಕೈಯಲ್ಲಿ ಹೇಳಿ ಹೊರಬಿದ್ದ. ಗೇಟಿನವರೆಗೆ ನಡೆಯುವಷ್ಟರಲ್ಲಿ ಕಣ್ಣು ಮಂಜಾಗಿತ್ತು.

ಎರಡನೆಯ ದಾರಿ ವೇರಿಯಬಲ್ ಬಿಟ್‌ರೇಟ್. ಅದರಲ್ಲಿ ಯಂತ್ರ ವಿಡಿಯೊವನ್ನು ಒಮ್ಮೆ ಪೂರ್ತಿ ನೋಡಿಕೊಳ್ಳುತ್ತದೆ. ಎಲ್ಲಿ ಚಲನೆ ಹೆಚ್ಚು, ಎಲ್ಲಿ ಕಡಿಮೆ ಎಂದು ಅಂದಾಜು ಮಾಡಿ, ಎರಡನೆಯ ಸುತ್ತಿನಲ್ಲಿ ಸುಮ್ಮನಿರುವ ಕಡೆಯಿಂದ ಕಿತ್ತು ಓಡಾಡುವ ಕಡೆಗೆ ಕೊಡುತ್ತದೆ. ಒಟ್ಟು ಗಾತ್ರ ಅಷ್ಟೇ. ತಮ್ಮ ಇದನ್ನು ಅಕ್ಕನಿಗೆ ಊಟದ ಲೆಕ್ಕದಲ್ಲಿ ಹೇಳಿದ್ದ. "ಮೊದಲನೇದು ಎಲ್ಲರಿಗೂ ಒಂದೊಂದೇ ಸೌಟು ಬಡಿಸಿದ ಹಾಗೆ, ಹಸಿದವನಿಗೂ ಅಷ್ಟೇ, ಹೊಟ್ಟೆ ತುಂಬಿದವನಿಗೂ ಅಷ್ಟೇ. ಎರಡನೇದು ಹಸಿವು ನೋಡಿ ಬಡಿಸೋದು."

"ಇದನ್ನ ಮೊದಲೇ ಮಾಡೋಕೆ ನಿಂಗೇನು ಧಾಡಿ?" ಎಂದಿದ್ದಳು ಅಕ್ಕ.

ಮೇಲ್ವಿಚಾರಕರು ಟ್ಯಾಬ್ಲೆಟ್ಟು ಮುಗ್ಗರಿಸುತ್ತದೆ ಎಂದು ಗೊಣಗಿದರು. ತಮ್ಮ ಅವರ ಮುಂದೆಯೇ ಓಡಿಸಿ ತೋರಿಸಿ ಒಪ್ಪಿಗೆ ಪಡೆದ. ಈ ಸಲ ಮೇಕೆಯ ಘಟ್ಟದಲ್ಲಿ ಒಂದೊಂದು ಬೆರಳೂ ಕಂಡಿತು. ಅವನು ಗೆದ್ದೆ ಎಂದುಕೊಂಡು ಶಾಲೆಗೆ ಒಯ್ದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಕ್ಕನೂ ಅಂದು ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು.

ಆಮೇಲಿನ ಕಥೆ ಅಜ್ಜಿಯದು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಒಬ್ಬ ಅಜ್ಜಿ ಸೀಟಿನಲ್ಲಿ ನಿದ್ದೆ ಹೋಗಿರುತ್ತಾಳೆ. ಡ್ರೈವರು ಎಬ್ಬಿಸಿ, "ಮನೆ ಇದೆಯಾ?" ಎಂದು ಕೇಳುತ್ತಾನೆ. ಅಜ್ಜಿ ಉತ್ತರ ಕೊಡುವುದಿಲ್ಲ. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತಾರೆ. ಆಮೇಲೆ ಅವನು ಬಸ್ಸು ತಿರುಗಿಸಿ ಅವಳನ್ನು ತನ್ನ ಮನೆಗೇ ಕರೆದೊಯ್ಯುತ್ತಾನೆ.

ಕಥೆ ಮುಗಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹುಡುಗ ಎದ್ದು, "ಅಜ್ಜಿಗೆ ಮನೆ ಇದೆ ಅಂತ ಡ್ರೈವರೇ ಹೇಳ್ತಾನಲ್ಲ. ಮತ್ಯಾಕೆ ತನ್ನ ಮನೆಗೆ ಕರ್ಕೊಂಡು ಹೋದ?" ಎಂದು ಕೇಳಿದ.

ತಮ್ಮನಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಆಯಿತು. ಅವಳು ಎದ್ದು ಬಂದು ಟ್ಯಾಬ್ಲೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕೈಮಾತಿನಲ್ಲಿ 'ಮನೆ ಇದೆ' ಎನ್ನುವುದಕ್ಕೂ 'ಮನೆ ಇದೆಯಾ' ಎನ್ನುವುದಕ್ಕೂ ಕೈ ಒಂದೇ. ಪ್ರಶ್ನೆ ಇರುವುದು ಹುಬ್ಬಿನಲ್ಲಿ. ಆ ಜಾಗದಲ್ಲಿ ಅಕ್ಕನ ಕೈ ಅಲುಗದೆ ನಿಂತಿತ್ತು, ಹುಬ್ಬು ಮಾತ್ರ ಮೇಲೇರಿತ್ತು. ಇಲ್ಲೇನೂ ನಡೆಯುತ್ತಿಲ್ಲ ಎಂದುಕೊಂಡ ಯಂತ್ರ ಅಲ್ಲಿಯ ಪಾಲನ್ನು ಕಿತ್ತು ಮೇಕೆಯ ಓಟಕ್ಕೆ ಕೊಟ್ಟಿತ್ತು. ಅವಳ ಮುಖ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಾಗಿತ್ತು. ಹಣೆಯ ಗೆರೆಯಿಲ್ಲ, ಹುಬ್ಬಿನ ಏರಿಲ್ಲ.

ಅತ್ತ ದರಿ ಇತ್ತ ಪುಲಿ ಎನ್ನುವ ಹಾಗಾಯಿತು. ಒಂದರಲ್ಲಿ ಕೈ ಹೋಗುತ್ತಿತ್ತು, ಇನ್ನೊಂದರಲ್ಲಿ ಮುಖ.

ತಮ್ಮ ಅಕ್ಕನನ್ನು ಶಾಲೆಯಿಂದ ಮನೆಗೆ ಕರೆತಂದ ಮೇಲೆ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತರು. ಅವಳು ಲೋಟ ಎತ್ತಲಾರದೆ ಬಗ್ಗಿ ಚಹಾ ಹೀರಿದಳು. "ಇನ್ನೊಂದು ದಾರಿ ಇದೆ," ಎಂದ ತಮ್ಮ. "ಜಾಗದ ಲೆಕ್ಕ ಬಿಟ್ಟುಬಿಡೋದು. ಸ್ಪಷ್ಟತೆ ಇಷ್ಟು ಬೇಕೇ ಬೇಕು ಅಂತ ಹೇಳಿದ್ರೆ ಯಂತ್ರ ಎಲ್ಲಿ ಎಷ್ಟು ಬೇಕೋ ಅಷ್ಟು ಬಳಸುತ್ತೆ. ಕೈಯೂ ಉಳಿಯುತ್ತೆ, ಮುಖಾನೂ ಉಳಿಯುತ್ತೆ. ಆದ್ರೆ ಎಷ್ಟು ದೊಡ್ಡದಾಗುತ್ತೋ ಹೇಳೋಕಾಗಲ್ಲ. ನಾನು ನೋಡಿದ ಪ್ರಕಾರ ಅರ್ಧ ಕಥೆಗಳು ಕಾರ್ಡಲ್ಲಿ ಹಿಡಿಯಲ್ಲ."

"ಇನ್ನೊಂದು ಕಾರ್ಡು?"

"ಕೇಳ್ದೆ. ಆ ಟ್ಯಾಬ್ಲೆಟ್ಟಿಗೆ ಒಂದೇ ಹಾಕೋಕಾಗೋದು. ಮಕ್ಕಳ ಕೈಲಿ ಕಾರ್ಡು ಬದಲಾಯಿಸೋಕೆ ಕೊಟ್ರೆ ಒಂದು ವಾರಕ್ಕೆ ಎರಡೂ ಕಳೆದುಹೋಗುತ್ತೆ ಅಂತಾರೆ ಶಾಲೆಯವರು."

ಅಕ್ಕ ಮತ್ತೆ ಚಹಾಕ್ಕೆ ಬಗ್ಗಿದಳು. ತಮ್ಮ ಅವಸರ ಮಾಡಿ, "ಮುಖ ಸ್ವಲ್ಪ ಮಸುಕಾದ್ರೂ ಪರವಾಗಿಲ್ಲ ಅಕ್ಕ, ಎಲ್ಲಾ ಕಥೆ ಇರಲಿ. ಮಕ್ಕಳು ಹೇಗೋ ಅರ್ಥ ಮಾಡ್ಕೋತಾರೆ," ಎಂದ. ಅವನಿಗೆ ಒಂದನ್ನೂ ಬಿಡುವ ಮನಸ್ಸಿರಲಿಲ್ಲ. ಒಂದೊಂದು ಕಥೆಗೂ ಅವಳು ಪಟ್ಟ ಪಾಡು ಅವನು ಕಣ್ಣಾರೆ ಕಂಡಿದ್ದ.

"ಹೇಗೋ ಅರ್ಥ ಮಾಡ್ಕೊಳ್ಳೋದೇ ಅವರ ಹಣೆಬರಹ ಕಣೋ," ಎಂದಳು ಅಕ್ಕ. "ಅಂಗಡೀಲಿ, ಬಸ್ಸಲ್ಲಿ, ಆಸ್ಪತ್ರೇಲಿ, ಮನೇಲಿ ಎಲ್ಲ ಕಡೆ ಅರ್ಧ ಕಂಡಿದ್ದು, ಉಳಿದರ್ಧ ಊಹೆ. ನಾನು ಬೆಳೆದಿದ್ದೂ ಹಾಗೇ. ಕಥೇಲಾದ್ರೂ ಅವರು ಊಹೆ ಮಾಡೋದು ಬೇಡ. ಅರ್ಧ ಕಥೆ ಬಿಡು."

"ಯಾವುದನ್ನ ಬಿಡಲಿ?"

ಅದನ್ನು ಅವಳೇ ಹೇಳಿದಳು. ಮೇಕೆ ಉಳಿಯಿತು, ಅಜ್ಜಿ ಉಳಿದಳು. ಮಂಜಿನಲ್ಲಿ ದಾರಿ ತಪ್ಪಿದ್ದು ಹೋಯಿತು. ಬ್ರೇಕು ಹಿಡಿಯದ ದಿನ ಹೋಯಿತು. ಡ್ರೈವರಿಗೆ ಮೊದಲ ಸಲ ಸಮವಸ್ತ್ರ ಸಿಕ್ಕ ಕಥೆಯ ಸರದಿ ಬಂದಾಗ ಅವಳ ಕೈ ಗಾಳಿಯಲ್ಲೇ ನಿಂತಿತು. ನಿಂತದ್ದು ಯೋಚನೆಗೋ ಆಯಾಸಕ್ಕೋ ತಮ್ಮನಿಗೆ ತಿಳಿಯಲಿಲ್ಲ. ಕೊನೆಗೆ, "ಅದನ್ನೂ ಬಿಡು. ದೊಡ್ಡವರಿಗೆ ಇಷ್ಟ ಆಗೋ ಅಂಥದ್ದು," ಎಂದಳು. ಅಂದು ತಮ್ಮ ಅವಳ ಮೇಲೆ ಸಿಟ್ಟು ಮಾಡಿಕೊಂಡು, ಲೋಟ ತೊಳೆಯದೆ ಎದ್ದು ಹೋದ. ದಾರಿಯುದ್ದಕ್ಕೂ ಆ ಸಿಟ್ಟು ಯಾರ ಮೇಲೆ ಎಂದು ಅವನಿಗೇ ಹೊಳೆಯಲಿಲ್ಲ.

ಉಳಿದ ಕಥೆಗಳ ಕಾರ್ಡು ಶಾಲೆಗೆ ಹೋಯಿತು. ಮಕ್ಕಳು ಹುಬ್ಬನ್ನೂ ಕಂಡರು, ಬೆರಳನ್ನೂ ಕಂಡರು, ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಅಕ್ಕ ಕೆಲಸ ಬಿಟ್ಟಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಅವಳು, ಕಾರ್ಡಿನಲ್ಲಿ ಚೂರು ಜಾಗ ಉಳಿದಿದೆಯಲ್ಲ, ಮಕ್ಕಳಿಗೆ ಒಂದು ಚಿಕ್ಕ ಕಥೆ ಹೇಳುತ್ತೇನೆ ಎಂದಳು. ಅಷ್ಟು ಹೇಳುವುದಕ್ಕೇ ಅವಳಿಗೆ ಬಹಳ ಹೊತ್ತು ಹಿಡಿಯಿತು. ತಮ್ಮ ಕ್ಯಾಮೆರಾ ತಂದ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಎಡಗೈ ಎದೆಯ ಮಟ್ಟಕ್ಕೆ ಏರಿ, ನಡುಗಿ, ಇಳಿಯುತ್ತಿತ್ತು. ಮೊದಲು ಒಂದೇ ಬೀಸಿಗೆ ಹೊರಟುಹೋಗುತ್ತಿದ್ದ ಬಸ್ಸು ಈಗ ಏರುದಾರಿಯಲ್ಲಿ ಉಸಿರುಗಟ್ಟಿದ ಹಾಗೆ ಸಾಗಿತು. ನಡುವೆ ಅವಳು ಅತ್ತಳು. ಅವನು ನಿಲ್ಲಿಸಹೋದರೆ ಬೇಡವೆಂದು ತಲೆಯಾಡಿಸಿದಳು. ಕಥೆ ಮುಗಿಯಲಿಲ್ಲ. ಇಷ್ಟೇ ಸಾಕು ಎಂದಳು.

ಕಚೇರಿಯಲ್ಲಿ ಉಳಿದ ಜಾಗದ ಅಳತೆಗೆ ಸರಿಯಾಗಿ ಕೂರಲೆಂದು ತಮ್ಮ ಅದನ್ನು ಹಳೆಯ ಕಾನ್‌ಸ್ಟಂಟ್ ವಿಧಾನದಲ್ಲೇ ಕುಗ್ಗಿಸಿದ. ಮೇಲ್ವಿಚಾರಕರು ಹಿಂದೆ ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

"ಭೇಷ್! ನೋಡು, ಕನ್ನಡಿ ಹಾಗಿದೆ," ಎಂದರು ಅವರು. "ಒಂದು ಬೆರಳೂ ಒಡೆದಿಲ್ಲ, ಮುಖಾನೂ ಚೆನ್ನಾಗಿದೆ. ಯಾವ ವಿಧಾನ?"

"ಕಾನ್‌ಸ್ಟಂಟ್ ಸಾರ್."

"ಮತ್ತೆ? ಮೊದಲಿಂದ ಹೀಗೇ ಮಾಡಿದ್ರೆ ಅಷ್ಟು ಕಥೆ ಬಿಡೋ ಹಾಗೇ ಇರಲಿಲ್ಲವಲ್ಲ!"

ತಮ್ಮ ತೆರೆಯನ್ನೇ ನೋಡುತ್ತಿದ್ದ. ಅವರಿಗೆ ಕೈಮಾತು ಬಾರದು. ನಿಧಾನ ಯಾವುದು, ಅಸಹಾಯಕತೆ ಯಾವುದು ಎಂದು ಅವರಿಗೆ ತಿಳಿಯುವಂತಿರಲಿಲ್ಲ. "ಕೈ ಅಲುಗ್ತಾ ಇಲ್ಲ ಸಾರ್," ಎಂದ. "ಅಲುಗದೇ ಇದ್ರೆ ಯಾವ ವಿಧಾನ ಆದ್ರೂ ನಡೆಯುತ್ತೆ."

ಮೇಲ್ವಿಚಾರಕರು ಅವನ ಹೆಗಲು ಮುಟ್ಟಿ ಹೊರಟುಹೋದರು.

ಅಕ್ಕ ವಸಂತಕ್ಕೆ ಮುಂಚೆ ಹೋದಳು. ಕೊನೆಯ ವಾರಗಳಲ್ಲಿ ಉಸಿರೂ ಭಾರವಾಗಿತ್ತು. ಭಾವ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದರು. ಆ ಮನೆಯಲ್ಲಿ ಹಿಂದೆಂದೂ ಇಲ್ಲದ ಮೌನ ಆಗ ತುಂಬಿತ್ತು. ಏಕೆಂದರೆ ಅದುವರೆಗೆ ಆ ಮನೆಯಲ್ಲಿ ಸದ್ದು ಇಲ್ಲದಿದ್ದರೂ ಮಾತು ಇಲ್ಲದ ಕ್ಷಣ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಭಾವ ಫೋನ್ ಮಾಡಿದರು. "ಶಾಲೆಗೆ ಕೊಡದೆ ಬಿಟ್ಟ ಕಥೆಗಳು ನಿನ್ನ ಹತ್ರ ಇದಾವಂತಲ್ಲ. ಒಂದ್ಸಲ ತಗೊಂಡು ಬಾ."

ತಮ್ಮ ಕುಗ್ಗಿಸದ ಮೂಲ ಫೈಲುಗಳನ್ನೇ ಒಯ್ದು ಟೀವಿಗೆ ಜೋಡಿಸಿದ. ಭಾವ ಸಮವಸ್ತ್ರದಲ್ಲೇ ಕೂತಿದ್ದರು. ಸಂಜೆಯ ಪಾಳಿಗೆ ಹೋಗಬೇಕಿತ್ತು. ದೊಡ್ಡ ತೆರೆಯ ಮೇಲೆ ಅಕ್ಕ ಬಂದಳು. ಹಣೆಯ ಮೇಲಿನ ಬೆವರೂ ಕಾಣುತ್ತಿತ್ತು. ಕೈಗಳು ಹಾರತೊಡಗಿದವು. ತಮ್ಮ ಪಕ್ಕದಲ್ಲಿ ಕೂತು ಒಂದೊಂದನ್ನೇ ಬಾಯಲ್ಲಿ ಹೇಳುತ್ತಾ ಹೋದ. ಮಂಜು ಕವಿದಿದೆ, ಬಸ್ಸಿನ ಮುಂದೆ ಕೈ ಚಾಚಿದರೆ ಕೈ ಕಾಣದು, ಡ್ರೈವರು ಕಂಡಕ್ಟರನ್ನು ಇಳಿಸಿ ಬಸ್ಸಿನ ಮುಂದೆ ನಡೆಸಿಕೊಂಡು ಹೋಗುತ್ತಾನೆ.

"ಏ, ಇದು ನಂಗೇ ಆಗಿದ್ದು," ಎಂದರು ಭಾವ.

ತಮ್ಮ ಮುಂದುವರಿಸಿದ. ಬ್ರೇಕು ಹಿಡಿಯದ ದಿನ ಬಂತು. ಆಮೇಲೆ ಸಮವಸ್ತ್ರ. ಹೊಸ ಸಮವಸ್ತ್ರ ಹಾಕಿಕೊಂಡ ಡ್ರೈವರು ಯಾರಿಗೂ ಕಾಣದಂತೆ ಬಸ್ಸಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, ಸತ್ತ ಅಪ್ಪನನ್ನು ನೆನೆದು ಅತ್ತುಬಿಡುತ್ತಾನೆ.

ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಇದನ್ನ ಮದುವೆಯಾದ ಹೊಸದರಲ್ಲಿ ಒಂದ್ಸಲ ಹೇಳಿದ್ದೆ. ಆಗ ನಂಗೆ ಅವಳ ಭಾಷೇಲಿ ಅ ಆ ಇ ಈನೂ ಬರ್ತಿರಲಿಲ್ಲ. ಏನೇನೋ ಕೈ ತಿರುಗಿಸಿದ್ದೆ, ಅವಳು ಸುಮ್ನೆ ತಲೆಯಾಡಿಸಿದ್ಲು. ತಿಳೀಲಿಲ್ಲ ಅಂದ್ಕೊಂಡು ಬಿಟ್ಟುಬಿಟ್ಟೆ." ತೆರೆಯತ್ತ ಬೆರಳು ತೋರಿಸಿದರು. "ಆಗಾಗ ಮೂಗಿನ ಕೆಳಗೆ ಎರಡು ಬೆರಳು ಹಿಂಗೆ ತಿರುವ್ತಾಳಲ್ಲ, ಅದೇನು?"

"ಅದು ಡ್ರೈವರಿನ ಹೆಸರು. ನಿಮ್ಮ ಮೀಸೆ ಭಾವ. ನಮ್ಮನೇಲಿ, ಶಾಲೇಲಿ, ನಿಮಗೆ ಅವಳು ಇಟ್ಟಿದ್ದ ಹೆಸರು ಅದೇ."

"ನನ್ನ ಮುಂದೆ ಯಾವತ್ತೂ ಮಾಡಿಲ್ಲ."

"ಎದುರಿಗಿದ್ದವರನ್ನ ಕೈಮಾತಲ್ಲಿ ಹೆಸರು ಹಿಡಿದು ಕರೆಯಲ್ಲ ಭಾವ. ನೀವಿಲ್ಲದಿದ್ದಾಗ ಮಾತ್ರ ಅದು ಬೇಕಾಗೋದು."

ಭಾವ ಮೀಸೆಯ ಹತ್ತಿರ ಬೆರಳು ಒಯ್ದು, ಹಾಗೇ ಇಳಿಸಿದರು. "ಸ್ವಲ್ಪ ನಿಧಾನ ಮಾಡೋಕಾಗುತ್ತಾ? ನೀನು ಹೇಳದೆ ನಾನೇ ನೋಡಿ ತಿಳ್ಕೋತೀನಿ."

ತಮ್ಮ ವೇಗ ತಗ್ಗಿಸಿದ. ಅಕ್ಕನ ಕೈಗಳು ತಟ್ಟನೆ ಭಾರವಾದವು. ಎದೆಯ ಮಟ್ಟಕ್ಕೆ ಮೆಲ್ಲಗೆ ಏರಿದವು, ಅಲ್ಲೇ ತಡೆದವು, ಮೆಲ್ಲಗೆ ಇಳಿದವು. ಇಬ್ಬರೂ ಅದನ್ನು ಮಂಚದ ಪಕ್ಕ ಕೂತು ತಿಂಗಳುಗಟ್ಟಲೆ ನೋಡಿದ್ದರು.

"ಬೇಡ ಬೇಡ, ತೆಗಿ," ಎಂದರು ಭಾವ, ಕಣ್ಣು ಬೇರೆ ಕಡೆ ತಿರುಗಿಸಿ. "ಮೊದಲಿನ ಹಾಗೇ ಬಿಡು. ತಿಳೀದಿದ್ರೆ ಬೇಡ. ಜೋರಾಗೇ ಆಡ್ಲಿ."

ತಮ್ಮ ಮೊದಲಿನ ವೇಗಕ್ಕೆ ತಂದ. ಆಮೇಲೆ ಭಾವ ಅರ್ಥ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪಾಳಿಯ ಹೊತ್ತು ದಾಟಿ ಹೋಗುತ್ತಿತ್ತು, ಭಾವ ಏಳಲಿಲ್ಲ.